ಹದಿನೆಂಟರಲ್ಲಿ ಒಂದು ಸಲ

ಕಾರವಾರ, ಅಂಕೋಲೆ ಸೇರಿರುವ ನಮ್ಮ ಲೋಕಸಭಾ ಕ್ಷೇತ್ರದಲ್ಲಿ 1952ರಿಂದ 2024ರವರೆಗೆ ಹದಿನೆಂಟು ಸಾರ್ವತ್ರಿಕ ಚುನಾವಣೆಗಳು ನಡೆದಿವೆ. ಮೊದಲು ಕೆನರಾ ಎಂದಿದ್ದ ಹೆಸರು 2009ರಿಂದ ಉತ್ತರ ಕನ್ನಡ ಎಂದಾಗಿದೆ, ಗಡಿಯೂ ಅಷ್ಟಿಷ್ಟು ಆಚೀಚೆ ಸರಿದಿದೆ. ಗೆದ್ದವರ ಪಟ್ಟಿ ಮಾತ್ರ ತೀರ ಚಿಕ್ಕದು. ಜೋಕಿಂ ಆಳ್ವ ಮೂರು ಸಲ, ದಿನಕರ ದೇಸಾಯಿ ಒಮ್ಮೆ, ಬಿ.ವಿ. ನಾಯಕ ಮತ್ತು ಬಿ.ಪಿ. ಕದಂ ಒಂದೊಂದು ಸಲ, ಜಿ. ದೇವರಾಯ ನಾಯ್ಕ ನಾಲ್ಕು ಸಲ, ಅನಂತಕುಮಾರ ಹೆಗಡೆ ಆರು ಸಲ, ವಿಶ್ವೇಶ್ವರ ಹೆಗಡೆ ಕಾಗೇರಿ ಒಮ್ಮೆ. ಕೂಡಿಸಿದರೆ ಹದಿನೇಳು. ಉಳಿದ ಒಂದು, 1999ರದ್ದು, ಮಾರ್ಗರೆಟ್ ಆಳ್ವ ಅವರದು. ಎಪ್ಪತ್ತೆರಡು ವರ್ಷಗಳಲ್ಲಿ ಈ ಜಿಲ್ಲೆಯಿಂದ ಲೋಕಸಭೆಗೆ ಹೋದ ಹೆಣ್ಣುಮಗಳು ಅವರೊಬ್ಬರೇ. ಯಾಕೆ ಹೀಗೆ ಎಂದು ಕೇಳಿದರೆ ಅಂಗಡಿ ಕಟ್ಟೆಯಿಂದ ಪಕ್ಷದ ಕಚೇರಿಯವರೆಗೆ ಸಿಗುವ ಉತ್ತರ ಒಂದೇ: ಹೆಂಗಸರನ್ನು ನಿಲ್ಲಿಸಿದರೆ ಇಲ್ಲಿ ಜನ ಮತ ಹಾಕುವುದಿಲ್ಲ. ಈ ಉತ್ತರ ಸುಳ್ಳು ಎಂಬುದು ನನ್ನ ವಾದ. ಮತದಾರರು ಅಡ್ಡ ನಿಂತದ್ದಕ್ಕೆ ಪುರಾವೆ ಇಲ್ಲ. ಅಡ್ಡ ನಿಂತಿರುವುದು ಹುರಿಯಾಳುಗಳ ಪಟ್ಟಿ ತಯಾರಾಗುವ ಕೋಣೆ. ಮಾರ್ಗರೆಟ್ ಆಳ್ವ ಅವರ ಐದು ದಶಕಗಳ ರಾಜಕೀಯ ಬದುಕನ್ನು ಹೊಗಳಿಕೆ ತೆಗಳಿಕೆ ಬದಿಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅವರ ಮನೆಯಿಂದಲೇ ಶುರು ಮಾಡೋಣ. ಅತ್ತೆ ಮಾವಂದಿರಾದ ವಯಲೆಟ್ ಆಳ್ವ ಮತ್ತು ಜೋಕಿಂ ಆಳ್ವ ಇಬ್ಬರೂ ಮುಂಬಯಿಯಲ್ಲಿ ವಕೀಲರು, ಇಬ್ಬರೂ ಪತ್ರಕರ್ತರು, ಇಬ್ಬರೂ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು. ವಯಲೆಟ್ ಜೈಲಿಗೆ ಹೋದದ್ದು ಕೈಗೂಸಿನೊಡನೆ. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದಿಸಿ, ದೇಶದಲ್ಲಿ ಹಾಗೆ ವಾದಿಸಿದ ಮೊದಲ ಮಹಿಳಾ ವಕೀಲರೆಂದು ಹೆಸರಾದವರು ಅವರು. 1952ರಲ್ಲಿ ಗಂಡ ಹೆಂಡತಿ ಜೊತೆಯಾಗಿಯೇ ಸಂಸತ್ತಿಗೆ ಬಂದರು. ಆದರೆ ಬಾಗಿಲುಗಳು ಬೇರೆ. ಗಂಡನಿಗೆ ಕೆನರಾ ಕ್ಷೇತ್ರ ಸಿಕ್ಕಿತು, ಹೆಂಡತಿಗೆ ರಾಜ್ಯಸಭೆ. ಮುಂದೆ ವಯಲೆಟ್ ಕೇಂದ್ರದಲ್ಲಿ ಗೃಹಖಾತೆಯ ಉಪಸಚಿವೆಯಾದರು, 1962ರಿಂದ 1969ರವರೆಗೆ ರಾಜ್ಯಸಭೆಯ ಉಪಸಭಾಪತಿಯಾಗಿ ಆ ಪೀಠದಲ್ಲಿ ಕೂತ ಮೊದಲ ಮಹಿಳೆಯೆನಿಸಿದರು. ಅಂಥ ಯೋಗ್ಯತೆಯವರಿಗೂ ಮೇಲ್ಮನೆಯೇ ಸಾಕು, ಕ್ಷೇತ್ರವೆಂಬುದು ಗಂಡಸರ ಸ್ವತ್ತು ಎಂಬ ಎಣಿಕೆ ಆ ಕಾಲದ್ದು. ಒಂದೇ ಮನೆ, ಒಂದೇ ಪಕ್ಷ, ಒಂದೇ ಹೋರಾಟದ ಹಿನ್ನೆಲೆ. ಆದರೂ ಹಂಚಿಕೆ ಹೀಗೆ. ಇದು ಒಬ್ಬಿಬ್ಬರ ಕೆಟ್ಟತನದ ಮಾತಲ್ಲ, ರೂಢಿಯ ಮಾತು. ಯಾರೂ ಪ್ರಶ್ನಿಸದೆ ಉಳಿದ ರೂಢಿ ಮುಂದಿನ ತಲೆಮಾರಿಗೆ ನಿಯಮವೇ ಆಗಿಬಿಡುತ್ತದೆ.

ಮುಂದಿನ ತಲೆಮಾರಿನಲ್ಲಿ ಅದೇ ಆಯಿತು. 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕಾನೂನು ಓದಿ, 1964ರಲ್ಲಿ ನಿರಂಜನ ಆಳ್ವರನ್ನು ಮದುವೆಯಾದ ಮಾರ್ಗರೆಟ್ 1974ರಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ಆಮೇಲೆ 1980, 1986, 1992. ಒಟ್ಟು ನಾಲ್ಕು ಅವಧಿ, ಇಪ್ಪತ್ತನಾಲ್ಕು ವರ್ಷ. ಸಂಸದೀಯ ವ್ಯವಹಾರ, ಯುವಜನ ಸೇವೆ ಮತ್ತು ಕ್ರೀಡೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಸಿಬ್ಬಂದಿ ಮತ್ತು ಸಾರ್ವಜನಿಕ ಕುಂದುಕೊರತೆ — ರಾಜೀವ್, ನರಸಿಂಹರಾವ್ ಈ ಇಬ್ಬರ ಸರ್ಕಾರಗಳಲ್ಲೂ ರಾಜ್ಯ ಸಚಿವೆಯಾಗಿ ಕೆಲಸ ಮಾಡಿದರು. ಈ ಖಾತೆಗಳಲ್ಲಿ ನನಗೆ ಮುಖ್ಯವೆನಿಸುವುದು ಮಹಿಳೆ ಮತ್ತು ಮಕ್ಕಳದು. 1988ರಲ್ಲಿ ಹೊರಬಂದ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ ಅವರ ಕಾಲದ ಕೆಲಸ. ಸ್ಥಳೀಯ ಸಂಸ್ಥೆಗಳ ಸ್ಥಾನಗಳಲ್ಲಿ ನೂರಕ್ಕೆ ಮೂವತ್ತು ಹೆಣ್ಣುಮಕ್ಕಳಿಗೆ ಇರಬೇಕೆಂದು ಹೇಳಿದ್ದು ಆ ದಾಖಲೆ. 1989ರ ಅರವತ್ತನಾಲ್ಕನೆಯ ತಿದ್ದುಪಡಿ ಮಸೂದೆಯಲ್ಲಿ ಆ ಮಾತು ಸೇರಿತು. ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. 1993ರಲ್ಲಿ ಜಾರಿಗೆ ಬಂದ ಎಪ್ಪತ್ಮೂರನೆಯ ತಿದ್ದುಪಡಿಯಲ್ಲಿ ಅದೇ ಮಾತು ಮೂರನೇ ಒಂದು ಪಾಲಾಗಿ ಮರಳಿ ಬಂತು. ಕರ್ನಾಟಕವಂತೂ ಅದಕ್ಕೂ ಮೊದಲೇ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ 1983ರ ಕಾಯ್ದೆಯಲ್ಲಿ, ಕಾಲುಭಾಗ ಕೊಟ್ಟಾಗಿತ್ತು. 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು. ಊರೂರಿನ ಪಂಚಾಯಿತಿಗೆ ಹೆಣ್ಣುಮಕ್ಕಳು ನೇರ ಚುನಾವಣೆಯಿಂದ ಬರಲಿ ಎಂದು ಕಡತ ಸಿದ್ಧಪಡಿಸಿದ ಸಚಿವೆಗೇ ಆ ಹೊತ್ತಿಗೆ ತನ್ನದೆಂಬ ಒಂದು ಕ್ಷೇತ್ರ ಇರಲಿಲ್ಲ. ಸಚಿವೆಯಾಗಲು ಸಾಕಾದ ಯೋಗ್ಯತೆ ಟಿಕೆಟಿಗೆ ಸಾಲದು ಎಂದಿದ್ದ ಪಕ್ಷವನ್ನು ಇನ್ನಾದರೂ ಪ್ರಶ್ನಿಸಬೇಕು.

ಕ್ಷೇತ್ರ ಇಲ್ಲದಿದ್ದರೇನಂತೆ, ಕೆಲಸ ಆಯಿತಲ್ಲ ಎನ್ನುವವರಿದ್ದಾರೆ. ಮಾತು ಹಗುರವಲ್ಲ. ಆದರೆ ರಾಜ್ಯಸಭೆಯ ಸದಸ್ಯತ್ವ ಶಾಸಕರ ಮತದಿಂದ, ಅಂದರೆ ಪಕ್ಷದ ವರಿಷ್ಠರ ಒಪ್ಪಿಗೆಯಿಂದ ಬರುತ್ತದೆ. ವರಿಷ್ಠರ ಮನಸ್ಸು ತಿರುಗಿದರೆ ಹಿಂದೆ ನಿಲ್ಲುವ ಊರಿಲ್ಲ. 2008ರ ನವೆಂಬರಿನಲ್ಲಿ, ಕರ್ನಾಟಕದ ವಿಧಾನಸಭೆ ಟಿಕೆಟುಗಳು ಮಾರಾಟವಾದವೆಂದು ಆಳ್ವ ಬಹಿರಂಗವಾಗಿ ಹೇಳಿದಾಗ ಎಐಸಿಸಿ ಪ್ರಧಾನ ಕಾರ್ಯದರ್ಶಿ ಹುದ್ದೆ ಕಳೆದುಕೊಂಡರು. ಮಗನಿಗೆ ಟಿಕೆಟು ಸಿಗದ ಸಿಟ್ಟಿನಲ್ಲಿ ಹೇಳಿದರೆಂದು ಆಗ ಟೀಕೆ ಬಂತು. ಟಿಕೆಟು ಸಿಗದಿದ್ದದ್ದು ನಿಜ, ಟೀಕೆಯಲ್ಲೂ ಹುರುಳಿದೆ. ಆದರೂ ಗಮನಿಸಬೇಕಾದ್ದು ಬೇರೆ. ಸ್ವಂತ ಬಲದಿಂದ ಮತ್ತೆ ಮತ್ತೆ ಗೆಲ್ಲುವ ನಾಯಕರು ಇದಕ್ಕಿಂತ ಕಟುವಾಗಿ ಮಾತಾಡಿಯೂ ಜಾಗ ಉಳಿಸಿಕೊಂಡ ಉದಾಹರಣೆ ಎಲ್ಲ ಪಕ್ಷಗಳಲ್ಲೂ ಇವೆ. ಕ್ಷೇತ್ರವೆಂದರೆ ಬರೀ ಗೆಲುವಲ್ಲ, ಎದುರು ಮಾತಾಡುವ ಧೈರ್ಯಕ್ಕೆ ಬೇಕಾದ ನೆಲ. ಇನ್ನೊಂದು ನಷ್ಟವೂ ಇದೆ. ಲೋಕಸಭಾ ಸದಸ್ಯರ ಸುತ್ತ ಬೂತಿನಿಂದ ಮೇಲಕ್ಕೆ ಕಾರ್ಯಕರ್ತರ ಪಡೆ ಬೆಳೆಯುತ್ತದೆ, ಅದರಲ್ಲಿ ನಾಲ್ಕು ಮಂದಿ ಮುಂದಿನ ಶಾಸಕರಾಗುತ್ತಾರೆ. ಮೇಲ್ಮನೆಯವರ ಹಿಂದೆ ಅಂಥ ಸಾಲು ಬೆಳೆಯುವುದು ಕಷ್ಟ. ವಯಲೆಟ್, ಮಾರ್ಗರೆಟ್ ಇಬ್ಬರೂ ದಿಲ್ಲಿಯಲ್ಲಿ ದೊಡ್ಡವರಾದರು. ಆ ಎತ್ತರಕ್ಕೆ ತಕ್ಕ ಹೆಣ್ಣುಮಕ್ಕಳ ಸಾಲು ಕಾರವಾರ ಅಂಕೋಲೆಗಳಲ್ಲಿ ಬೆಳೆಯದೆ ಉಳಿದದ್ದಕ್ಕೆ ಒಂದು ಕಾರಣ ಇದು.

ಇನ್ನು 1999. ಎದುರಿಗೆ ಎರಡು ಸಲ ಗೆದ್ದಿದ್ದ ಹಾಲಿ ಸಂಸದ ಅನಂತಕುಮಾರ ಹೆಗಡೆ. ಆಳ್ವ ಮಂಗಳೂರಿನ ಕಡೆಯವರು, ಕ್ರೈಸ್ತರು, ಹೆಂಗಸು. ಈ ಮೂರನ್ನೂ ಅವರ ವಿರುದ್ಧದ ಅಂಶಗಳೆಂದು ಎಣಿಸುವವರ ಲೆಕ್ಕದಂತೆ ಅವರು ಸೋಲಬೇಕಿತ್ತು. ಗೆದ್ದರು. ಅದು ಅಲೆಯ ಗೆಲುವು, ಆ ವರ್ಷ ಕಾಂಗ್ರೆಸ್ ರಾಜ್ಯದ ಇಪ್ಪತ್ತೆಂಟರಲ್ಲಿ ಹದಿನೆಂಟು ಸ್ಥಾನ ಗೆದ್ದಿತ್ತು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದದ್ದೂ ಅದೇ ಚುನಾವಣೆಯಲ್ಲಿ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ಅಲೆಯಲ್ಲಿ ಗೆಲ್ಲುವುದು ಗಂಡಸರಿಗೂ ಉಂಟು. ಅವರ ಗೆಲುವನ್ನು ಯಾರೂ ಅದರಿಂದ ಕಳೆಯುವುದಿಲ್ಲ. 2004ರಲ್ಲಿ ಆಳ್ವ ದೊಡ್ಡ ಅಂತರದಲ್ಲಿ ಸೋತರು, ಆಗ ಗಾಳಿ ತಿರುಗಿತ್ತು. ಅಲೆ ಏರಿದಾಗ ಗೆದ್ದು ಇಳಿದಾಗ ಸೋಲುವುದೆಂದರೆ ಮತದಾರರು ಅವರನ್ನು ಪಕ್ಷದ ಹುರಿಯಾಳಾಗಿ ತೂಗಿದರು ಎಂದೇ ಅರ್ಥ. ಹೆಣ್ಣೆಂಬ ಕಾರಣಕ್ಕೆ ತಳ್ಳಿದ್ದಾಗಿದ್ದರೆ 1999 ಹೇಗೆ ಸಾಧ್ಯವಾಗುತ್ತಿತ್ತು? ಈ ಜಿಲ್ಲೆಯ ಮತದಾರರಿಗೆ ಸ್ವಂತ ಬುದ್ಧಿ ಇದೆ ಎಂಬುದಕ್ಕೆ ಹಳೆಯ ಸಾಕ್ಷಿಯೂ ಉಂಟು. 1967ರಲ್ಲಿ ಅಂಕೋಲೆಯ ದಿನಕರ ದೇಸಾಯಿ, ಚುಟುಕಗಳ ಕವಿ, ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದವರು, ಪಕ್ಷೇತರರಾಗಿ ನಿಂತು ಲೋಕಸಭೆಗೆ ಹೋದರು. ಪಕ್ಷದ ಚಿಹ್ನೆಯನ್ನೇ ಬದಿಗಿಟ್ಟು ಆಳನ್ನು ನೋಡಿ ಮತ ಹಾಕಿದ ಜನ ಇವರು.

ಸೋಲಿನ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟರೆ ವಾದ ಇನ್ನೂ ಗಟ್ಟಿಯಾಗುತ್ತದೆ. 2009ರಿಂದ ಈಚೆಗೆ ಬಿಜೆಪಿ ಇಲ್ಲಿ ಸತತವಾಗಿ ಗೆದ್ದಿದೆ. ಪ್ರಶ್ನೆ ಇರುವುದು ಎದುರಾಳಿ ಎಷ್ಟು ಹತ್ತಿರ ಬಂದರು ಎಂಬುದು. 2009ರಲ್ಲಿ ಮಾರ್ಗರೆಟ್ ಆಳ್ವ ಸೋತದ್ದು ಸುಮಾರು 22 ಸಾವಿರ ಮತಗಳಿಂದ. 2014ರಲ್ಲಿ ಪ್ರಶಾಂತ ದೇಶಪಾಂಡೆ ಸೋತದ್ದು ಸುಮಾರು 1.4 ಲಕ್ಷದಿಂದ. 2019ರಲ್ಲಿ ಮೈತ್ರಿಕೂಟದ ಆನಂದ ಅಸ್ನೋಟಿಕರ್ ಸೋತದ್ದು 4.79 ಲಕ್ಷದಿಂದ. 2024ರಲ್ಲಿ ಖಾನಾಪುರದ ಮಾಜಿ ಶಾಸಕಿ, ವೈದ್ಯೆ ಅಂಜಲಿ ನಿಂಬಾಳ್ಕರ್ ಸೋತದ್ದು 3.37 ಲಕ್ಷದಿಂದ. ನಾಲ್ವರಲ್ಲಿ ಗೆಲುವಿಗೆ ತೀರ ಹತ್ತಿರ ಬಂದವರು ಒಬ್ಬ ಹೆಂಗಸು, ತೀರ ದೂರ ಉಳಿದವರು ಒಬ್ಬ ಗಂಡಸು. ಇಲ್ಲಿ ಅಲೆ, ಮೈತ್ರಿ, ಹಣ, ಜಾತಿ ಎಲ್ಲವೂ ಕೆಲಸ ಮಾಡಿವೆ, ನಾಲ್ಕು ಫಲಿತಾಂಶಗಳಿಂದ ಸಿದ್ಧಾಂತ ಕಟ್ಟಲಾಗದು ಎಂದು ನನಗೂ ಗೊತ್ತು. ಆದರೆ ಹೆಂಗಸರನ್ನು ನಿಲ್ಲಿಸಿದರೆ ಸೋಲು ಖಚಿತ ಎನ್ನುವ ಮಾತೂ ಒಂದು ಸಿದ್ಧಾಂತವೇ. ಆ ಸಿದ್ಧಾಂತಕ್ಕೆ ಈ ಜಿಲ್ಲೆಯ ಅಂಕಿಗಳಲ್ಲಿ ಆಧಾರವಿಲ್ಲ. 4.79 ಲಕ್ಷದ ಸೋಲಾದ ಮೇಲೆ ಇನ್ನು ಗಂಡಸರಿಗೆ ಟಿಕೆಟು ಕೊಡುವುದು ಬೇಡ ಎಂದು ಯಾವ ಪಕ್ಷದ ಸಭೆಯಲ್ಲಿ ಚರ್ಚೆಯಾಯಿತು?

ವಿಧಾನಸಭೆಯ ಕಡೆಗೆ ಬಂದರೂ ಚಿತ್ರ ಅದೇ. ಕಾರವಾರ ಮತ್ತು ಅಂಕೋಲೆ 2008ರಿಂದ ಒಂದೇ ವಿಧಾನಸಭಾ ಕ್ಷೇತ್ರ. 2018ರಲ್ಲಿ ಬಿಜೆಪಿಯ ರೂಪಾಲಿ ನಾಯ್ಕ ಇಲ್ಲಿ ಗೆದ್ದದ್ದು ಮಾಜಿ ಶಾಸಕ ಆನಂದ ಅಸ್ನೋಟಿಕರ್, ಆಗಿನ ಹಾಲಿ ಶಾಸಕ ಸತೀಶ ಸೈಲ್ ಇಬ್ಬರನ್ನೂ ಸೋಲಿಸಿ. 2023ರಲ್ಲಿ ರಾಜ್ಯದಲ್ಲೆಲ್ಲ ಕಾಂಗ್ರೆಸ್ ಪರ ಗಾಳಿ ಬೀಸುತ್ತಿದ್ದಾಗಲೂ ಅವರು ಸೈಲ್ ಅವರೆದುರು ಸೋತದ್ದು ಎರಡು ಸಾವಿರ ಚಿಲ್ಲರೆ ಮತಗಳಿಂದ ಮಾತ್ರ. ಪಕ್ಕದ ಕುಮಟಾದಲ್ಲಿ 2013ರಲ್ಲಿ ಕಾಂಗ್ರೆಸ್ಸಿನ ಶಾರದಾ ಮೋಹನ ಶೆಟ್ಟಿ ಗೆದ್ದರು, 2018ರಲ್ಲಿ ಸೋತರು. 2023ರಲ್ಲಿ ಆ ಟಿಕೆಟು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ನಿವೇದಿತ್ ಆಳ್ವರಿಗೆ, ಮಾರ್ಗರೆಟ್ ಆಳ್ವರ ಮಗನಿಗೆ. ಅವರು ಗೆಲ್ಲಲಿಲ್ಲ. ಮಾರ್ಗರೆಟ್ ಆಳ್ವರ ಸಾಧನೆಯನ್ನು ಮನಸಾರೆ ಗೌರವಿಸುವ ನನಗೆ ಈ ಸಂಗತಿ ಬರೆಯುವಾಗ ನೋವಾಗುತ್ತದೆ. ಹೆಣ್ಣುಮಕ್ಕಳ ಪಾಲಿಗಾಗಿ ಜೀವಮಾನವಿಡೀ ವಾದಿಸಿದವರ ಮನೆಗೇ, ಒಮ್ಮೆ ಗೆದ್ದು ತೋರಿಸಿದ ಹೆಣ್ಣುಮಗಳಿದ್ದ ಕ್ಷೇತ್ರದ ಟಿಕೆಟು ಹೋಯಿತು. ಪಟ್ಟಿ ಮಾಡುವ ಕೋಣೆಯ ರೂಢಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಇಲ್ಲಿ ವಂಶದ ಮಾತು ಎದ್ದೇ ಏಳುತ್ತದೆ. ಮಾರ್ಗರೆಟ್ ಆಳ್ವ ಸೊಸೆಯಾಗಿ ಬಂದವರು, ಶಾರದಾ ಶೆಟ್ಟಿ ಮಾಜಿ ಶಾಸಕರ ಮಡದಿ; ಗಂಡಸರ ನೆರಳಿಲ್ಲದೆ ಬಂದ ಹೆಂಗಸು ಎಲ್ಲಿದ್ದಾರೆ ಎಂಬ ಆಕ್ಷೇಪ. ಸರಿಯಾದ ಪ್ರಶ್ನೆಯೇ. ಆದರೆ ಪ್ರಶಾಂತ ದೇಶಪಾಂಡೆ ಹಳಿಯಾಳದ ಆರ್.ವಿ. ದೇಶಪಾಂಡೆಯವರ ಮಗ, ಆನಂದ ಅಸ್ನೋಟಿಕರ್ 2000ದಲ್ಲಿ ಕೊಲೆಯಾದ ಶಾಸಕ ವಸಂತ ಅಸ್ನೋಟಿಕರರ ಮಗ. ಗಂಡಸರಲ್ಲಿ ಮನೆತನದ ಹೆಸರಿಲ್ಲದೆ ಬಂದವರೂ ಸಾಕಷ್ಟು ಇದ್ದಾರೆ, ಯಾಕೆಂದರೆ ಅವರಿಗೆ ಬೇರೆ ದಾರಿಗಳೂ ತೆರೆದಿವೆ: ಸಹಕಾರ ಸಂಘ, ಗುತ್ತಿಗೆ, ವಿದ್ಯಾರ್ಥಿ ಸಂಘಟನೆ, ಜಾತಿ ಸಂಘ. ಹೆಣ್ಣುಮಕ್ಕಳಿಗೆ ಈ ದಾರಿಗಳು ಮುಚ್ಚಿದಷ್ಟೂ ಉಳಿಯುವುದು ಮನೆಯ ಬಾಗಿಲೊಂದೇ. ಅದರ ಮೂಲಕ ಬಂದವರನ್ನು ಬೈದು ಕೂತರೆ ಉಳಿದ ಬಾಗಿಲುಗಳು ತೆರೆಯುವುದಿಲ್ಲ.

ಆ ಬೇರೆ ಬಾಗಿಲು ಎಲ್ಲಿದೆ ಎಂದರೆ ನಾನು ಗ್ರಾಮ ಪಂಚಾಯಿತಿಯನ್ನು ತೋರಿಸುತ್ತೇನೆ. ಅಂಕೋಲೆಯ ಒಂದು ಪಂಚಾಯಿತಿಯ ಸಾಮಾನ್ಯ ಸಭೆ ಹೇಗಿರುತ್ತದೆ ನೋಡಿ. ಉದ್ದನೆಯ ಮೇಜು, ನಡುವೆ ಅಧ್ಯಕ್ಷೆಯ ಕುರ್ಚಿ, ಪಕ್ಕದಲ್ಲಿ ಪಿಡಿಒ, ಅವರ ಮುಂದೆ ನಡಾವಳಿ ಪುಸ್ತಕ. ಹಾಜರಿ ಸಹಿ ಮುಗಿದ ಮೇಲೆ ಮಾತು ಎಲ್ಲಿಂದ ಶುರುವಾದರೂ ನೀರಿಗೆ ಬಂದೇ ಬರುತ್ತದೆ: ಯಾವ ಕೇರಿಯ ಬಾವಿಗೆ ಉಪ್ಪುನೀರು ಹೊಕ್ಕಿದೆ, ಬೇಸಿಗೆಯಲ್ಲಿ ಟ್ಯಾಂಕರು ಎಷ್ಟು ದಿನಕ್ಕೊಮ್ಮೆ, ಪೈಪು ಎಲ್ಲಿ ಒಡೆದಿದೆ. ಆಮೇಲೆ ಮನೆ ಫಲಾನುಭವಿಗಳ ಪಟ್ಟಿ, ಬೀದಿದೀಪ, ಉದ್ಯೋಗ ಖಾತ್ರಿಯ ಕೂಲಿ. ಖರ್ಚಿನ ಚೆಕ್ಕಿಗೆ ಪಿಡಿಒ ಜೊತೆ ಅಧ್ಯಕ್ಷೆಯ ಸಹಿ ಬೀಳಬೇಕು. ಸಹಿ ಇವಳದು, ಮಾತು ಗಂಡನದು ಎಂಬ ದೂರು ಎಷ್ಟೋ ಕಡೆ ನಿಜ. ಆದರೆ ಅದು ಶುರುವಿನ ಸ್ಥಿತಿ, ಕೊನೆಯದಲ್ಲ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳನ್ನು ಅಭ್ಯಾಸ ಮಾಡಿದ ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು, ಮೀಸಲು ಸ್ಥಾನದಿಂದ ಅಧ್ಯಕ್ಷೆಯಾದವರಿದ್ದ ಕಡೆ ಕುಡಿಯುವ ನೀರಿನ ಕೆಲಸ ಹೆಚ್ಚಾಯಿತು ಎಂದು. ಎಲ್ಲರೂ ಗಂಡಂದಿರ ಗೊಂಬೆಗಳಾಗಿದ್ದರೆ ಖರ್ಚಿನ ದಿಕ್ಕು ಬದಲಾಗುವುದು ಹೇಗೆ? ಕಾರವಾರದ ಮೀನು ಪೇಟೆಯಲ್ಲಿ ಬುಟ್ಟಿಯ ಹಿಂದೆ ಕೂತು ಬಂಗಡೆ, ಇಸವಣದ ದರ ತೀರ್ಮಾನಿಸುವವರು ಹೆಂಗಸರು. ವ್ಯವಹಾರ, ಲೆಕ್ಕ, ಎದುರಾಳಿಯ ಮನಸ್ಸು ಓದುವುದು ಇವೆಲ್ಲ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡ, ಪದ್ಮಶ್ರೀ ಪಡೆದ ಹಾಲಕ್ಕಿ ಹಾಡುಗಾರ್ತಿ, ಅಕ್ಷರ ಕಲಿಯದೆಯೂ ಸಾರಾಯಿಯ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದರು. ಮುಂದಾಳುತನ ಇಲ್ಲಿ ಇದ್ದೇ ಇದೆ. ಪಕ್ಷಗಳ ಕಣ್ಣು ಅದರ ಮೇಲೆ ಬೀಳುತ್ತಿಲ್ಲ.

ಮೀಸಲಾತಿ ಕಾನೂನಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನೇಪಾಳದ ಅನುಭವ ಹೇಳಬೇಕು. 2015ರ ಸಂವಿಧಾನದಲ್ಲಿ ಆ ದೇಶ ಸಂಸತ್ತಿನ ಮೂರನೇ ಒಂದು ಪಾಲು ಹೆಣ್ಣುಮಕ್ಕಳಿಗೆ ಇರಲೇಬೇಕೆಂದು ಬರೆದುಕೊಂಡಿತು. ಅದೇ ವರ್ಷ ಬಿದ್ಯಾದೇವಿ ಭಂಡಾರಿ ಅಲ್ಲಿನ ಮೊದಲ ಮಹಿಳಾ ರಾಷ್ಟ್ರಪತಿಯಾದರು, ಓನ್ಸರಿ ಘರ್ತಿ ಮಗರ್ ಮೊದಲ ಮಹಿಳಾ ಸ್ಪೀಕರ್ ಆದರು. 2025ರ ಸೆಪ್ಟೆಂಬರಿನಲ್ಲಿ, ಯುವಜನರ ದಂಗೆಯಲ್ಲಿ ಸರ್ಕಾರ ಬಿದ್ದ ಮೇಲೆ, ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಮೇಲಿಂದ ನೋಡಿದರೆ ನಮಗಿಂತ ಬಹಳ ಮುಂದೆ. ಆದರೆ 2022ರ ಚುನಾವಣೆಯಲ್ಲಿ 165 ನೇರ ಕ್ಷೇತ್ರಗಳಿಂದ ಗೆದ್ದ ಹೆಂಗಸರು ಒಂಬತ್ತು ಮಂದಿ ಮಾತ್ರ. ಉಳಿದ ಕೊರತೆಯನ್ನು ಪಕ್ಷಗಳು ಅನುಪಾತದ ಪಟ್ಟಿಯಿಂದ ತುಂಬಿಸಿದವು. ಪಟ್ಟಿಯಿಂದ ಬಂದವರಿಗೆ ಮತದಾರರಿಲ್ಲ, ಪಟ್ಟಿ ಬರೆದವರಿದ್ದಾರೆ. ಅಂದರೆ ನಮ್ಮ ಆಳ್ವ ಮನೆತನದಲ್ಲಿ 1952ರಲ್ಲಿ ನಡೆದ ಹಂಚಿಕೆ ಅಲ್ಲಿ ಇಡೀ ದೇಶದ ಮಟ್ಟದಲ್ಲಿ ನಡೆಯಿತು: ಕ್ಷೇತ್ರ ಗಂಡಸರಿಗೆ, ಗೌರವದ ಸ್ಥಾನ ಹೆಂಗಸರಿಗೆ. ಭಾರತ 2023ರಲ್ಲಿ ಅಂಗೀಕರಿಸಿದ ನೂರಾ ಆರನೆಯ ತಿದ್ದುಪಡಿ ಈ ಒಂದು ವಿಷಯದಲ್ಲಿ ಮೇಲು. ಅದು ಮೂರನೇ ಒಂದು ಪಾಲು ಕೊಡುವುದು ನೇರ ಚುನಾವಣೆಯ ಕ್ಷೇತ್ರಗಳಲ್ಲೇ. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಎರಡೂ ಮುಗಿದ ಮೇಲೆ ಜಾರಿ ಎಂಬ ಷರತ್ತಿನೊಂದಿಗೆ ಅದು ಅಂಗೀಕಾರವಾಯಿತು. ದೇವೇಗೌಡರ ಸರ್ಕಾರ ಮೊದಲ ಮಸೂದೆ ಮಂಡಿಸಿದ್ದು 1996ರಲ್ಲಿ. ಅಂಗೀಕಾರಕ್ಕೇ ಇಪ್ಪತ್ತೇಳು ವರ್ಷ ಹಿಡಿಯಿತು. ಈ ನಡುವೆ, 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಹತ್ತು, 2024ರಲ್ಲಿ ಲೋಕಸಭೆಯ ಇಪ್ಪತ್ತೆಂಟರಲ್ಲಿ ಮೂವರು.

ಟಿಕೆಟು ಕೊಡಲು ಯಾವ ಪಕ್ಷವೂ ಕಾನೂನಿಗಾಗಿ ಕಾಯಬೇಕಿಲ್ಲ. ಮರುವಿಂಗಡಣೆಯೂ ಬೇಡ, ಜನಗಣತಿಯೂ ಬೇಡ. ಒಂದು ಸಭೆ ಸಾಕು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಗ್ರಾಮ ಪಂಚಾಯಿತಿಗೂ ವಿಧಾನಸಭೆಗೂ ನಡುವೆ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎಂಬ ಎರಡು ಮೆಟ್ಟಿಲುಗಳಿವೆ. ಅಲ್ಲೂ ಅರ್ಧ ಪಾಲು ಹೆಣ್ಣುಮಕ್ಕಳದು. ಬಡಗೇರಿಯಂಥ ಊರಿನ ಪಂಚಾಯಿತಿ ಸದಸ್ಯೆ ಕಾರವಾರದ ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಎದ್ದು ನಿಂತು ಅಧಿಕಾರಿಯನ್ನು ಪ್ರಶ್ನಿಸುವುದನ್ನು ಕಲಿಯುವುದು, ಜಿಲ್ಲೆಗೆ ಪರಿಚಯವಾಗುವುದು, ಟಿಕೆಟು ಕೇಳುವ ಹಕ್ಕು ಗಳಿಸುವುದು ಅಲ್ಲಿ. 2016ರಲ್ಲಿ ಆಯ್ಕೆಯಾದ ಈ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಮೀಸಲಾತಿ ಪಟ್ಟಿ, ಗಡಿ ನಿಗದಿ, ಕೋರ್ಟು ಎಂದು ಬಿಜೆಪಿ ಸರ್ಕಾರವೂ ಕಾಂಗ್ರೆಸ್ ಸರ್ಕಾರವೂ ವರ್ಷಗಟ್ಟಲೆ ಚುನಾವಣೆ ಮುಂದೂಡಿದವು. ಹೆಣ್ಣುಮಕ್ಕಳು ಮೇಲೆ ಬರುತ್ತಿಲ್ಲ ಎಂದು ಹೇಳುವವರೇ ಏಣಿಯ ನಡುವಿನ ಮೆಟ್ಟಿಲು ಕಳಚಿಟ್ಟಿದ್ದಾರೆ. ಮುಂದಿನ ಸಲ ಕಾರವಾರ ಅಂಕೋಲೆಯ ನಿಮ್ಮ ಮನೆಯಂಗಳಕ್ಕೆ ಯಾವುದೇ ಪಕ್ಷದವರು ಮತ ಕೇಳಿಕೊಂಡು ಬಂದಾಗ ಎರಡು ಪ್ರಶ್ನೆ ಕೇಳಿ: ನಿಮ್ಮ ಟಿಕೆಟಿನ ಪಟ್ಟಿಯಲ್ಲಿ ಈ ತಾಲೂಕಿನ ಎಷ್ಟು ಹೆಣ್ಣುಮಕ್ಕಳ ಹೆಸರು ಚರ್ಚೆಗೆ ಬಂತು? ಪಟ್ಟಿ ಮಾಡಿದ ಕೋಣೆಯಲ್ಲಿ ಎಷ್ಟು ಹೆಂಗಸರು ಕೂತಿದ್ದರು? ಉತ್ತರ ಬರುವವರೆಗೂ ಅವರನ್ನು ಅಂಗಳದಲ್ಲೇ ನಿಲ್ಲಿಸಿ.